ಹಾರ್ಲೆಮ್‌ನಲ್ಲಿ ಐದು ಹೆಂಗಸರ ಎದುರು

ಬಂಗಾರಪೇಟೆ ಸ್ಟೇಷನ್

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಹೊರಗೆ ರೆಕ್ಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ವಿಮಾನದ ವಿಷಯ ಇಷ್ಟೇ. ಪರದೇಶಕ್ಕೆ ಹೋಗಿಬಂದವನನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಅದನ್ನೇ ಆದ್ದರಿಂದ ಮೊದಲೇ ಹೇಳಿ ಮುಗಿಸಿದ್ದೇನೆ.

ನನ್ನ ಪ್ರಯಾಣ ನಿಜವಾಗಿ ಶುರುವಾದದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಬೆಳಗಿನ ರೈಲಿಗೆ ಕಾಯುತ್ತಿದ್ದಾಗ. ಟಿಫನ್ ಡಬ್ಬಿ ಹಿಡಿದವರು, ಸೊಪ್ಪಿನ ಗಂಟು ಹೊತ್ತವರು, ನಿಂತಲ್ಲೇ ತೂಕಡಿಸುವವರು ಎಲ್ಲ ಇದ್ದರು. ನನ್ನನ್ನು ಬೀಳ್ಕೊಡಲು ಮಾತ್ರ ಯಾರೂ ಬಂದಿರಲಿಲ್ಲ. ಹೆಂಡತಿ ರತ್ನಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಹಸುವನ್ನು ಪಕ್ಕದ ಮನೆಯ ಹೆಂಗಸಿಗೆ ಒಪ್ಪಿಸುವಾಗ ಆಕೆ, "ಓಗ್ ಬಾರಣ್ಣ, ಅಸು ನಾವ್ ನೋಡ್ಕಂತೀವಿ. ಅಲ್ಲಿ ಬೋ ಚಳಿಯಂತೆ, ಕಿವಿ ಮುಚ್ಕಂಡು ತಿರುಗು" ಎಂದಿದ್ದೇ ನನಗೆ ಸಿಕ್ಕಿದ ಆಶೀರ್ವಾದ.

ಅದೇ ಪ್ಲಾಟ್‌ಫಾರಮ್ಮಿನಲ್ಲಿ, ನಲ್ಲಿಯ ಪಕ್ಕ, ಸೆಲ್ವರಾಜ್ ನಿಂತಿದ್ದ. ಕೈಯಲ್ಲಿ ಸುಣ್ಣದ ಬಕೆಟ್ಟು, ಹೆಗಲ ಮೇಲೆ ಉದ್ದ ಕೋಲಿನ ರೋಲರ್. ಯಾರದೋ ಮನೆಗೆ ಬಣ್ಣ ಹೊಡೆಯಲು ಹೊರಟಿದ್ದ. ಅವನು ನನ್ನ ಸೂಟ್‌ಕೇಸು ನೋಡಿದ, ನನ್ನನ್ನು ನೋಡಿದ, ಆಮೇಲೆ ತಿರುಗಿ ರೈಲಿನ ವೇಳಾಪಟ್ಟಿ ಓದತೊಡಗಿದ. ನಾನು ಶೂ ಲೇಸು ಕಟ್ಟುವವನ ಹಾಗೆ ಬಗ್ಗಿದೆ. ನನ್ನ ಶೂಗೆ ಲೇಸೇ ಇರಲಿಲ್ಲ.

ನಮ್ಮಿಬ್ಬರಿಗೆ ಮಾತು ನಿಂತು ಇಪ್ಪತ್ತೆರಡು ವರ್ಷ. ಅದು ಯಾಕೆಂದು ಹೇಳದೆ ಹಾಲೆಂಡಿಗೆ ಹೋದರೆ, ಅಲ್ಲಿ ನನಗೇನಾಯಿತೆಂದು ನಿಮಗೆ ತಿಳಿಯುವುದಿಲ್ಲ.

ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ನನ್ನದೊಂದು ಗೂಡಿನಷ್ಟು ಅಂಗಡಿಯಿತ್ತು. ಸತ್ತವರ ಚಿತ್ರ ಬರೆಯುವುದು ನನ್ನ ಕಸುಬು. ಮನೆಯವರು ರೇಷನ್ ಕಾರ್ಡಿನ ಫೋಟೋ ತರುತ್ತಿದ್ದರು. ನಾನು ಅದರ ಮೇಲೆ ಚೌಕ ಎಳೆದು, ಕ್ಯಾನ್ವಾಸಿನ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕ ತುಂಬಿ ನಿಜದಷ್ಟೇ ದೊಡ್ಡ ಮುಖ ಮಾಡಿಕೊಡುತ್ತಿದ್ದೆ. ಬರೀ ಮುಖವಲ್ಲ. ಬನಿಯನ್ನಿನಲ್ಲೇ ಆಯುಷ್ಯ ಕಳೆದ ಗಣಿ ಕೆಲಸದವನಿಗೆ ಕೋಟು, ಟೈ ಹಾಕಬೇಕು. ಬರಿಗೊರಳಲ್ಲಿ ಹೋದ ಹೆಂಗಸಿಗೆ ಎರಡೆಳೆ ಸರ ಬರೆಯಬೇಕು. ಚಿನ್ನದ ಊರಿನಲ್ಲಿ ಚಿನ್ನ ಕಾಣದ ಕೊರಳುಗಳಿಗೆಲ್ಲ ಚಿನ್ನ ಹಾಕಿದವನು ನಾನೇ. ಸುಕ್ಕು, ಮಚ್ಚೆ, ಸಿಡುಬಿನ ಕಲೆ ಎಲ್ಲ ಮಾಯ. ಕಡೆಗೆ ಅಗಲವಾದ, ಬೆಕ್ಕಿನ ಬಾಲದಷ್ಟು ಮೆತ್ತನೆಯ ಒಣ ಬ್ರಷ್ಷನ್ನು ಹಸಿ ಬಣ್ಣದ ಮೇಲೆ ತೇಲಿಸಿ ಆಡಿಸಿದರೆ ಕುಂಚದ ಗುರುತೆಲ್ಲ ಅಳಿಸಿ ಮುಖ ಪಿಂಗಾಣಿ ತಟ್ಟೆಯಂತೆ ಹೊಳೆಯುತ್ತಿತ್ತು. ಆ ನುಣುಪಿಗಾಗಿ ಬೇತಮಂಗಲದಿಂದೆಲ್ಲ ಬಸ್ಸು ಹತ್ತಿ ಜನ ಬರುತ್ತಿದ್ದರು. ನನಗೆ ಕೊಬ್ಬೂ ಇತ್ತು.

ಸೆಲ್ವರಾಜ್ ಟಾಕೀಸುಗಳಿಗೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಆ ಕೆಲಸ ಮಣ್ಣುಪಾಲಾದಾಗ ನಾನೇ ಕರೆದು ಅಂಗಡಿಯಲ್ಲಿ ಜಾಗ ಕೊಟ್ಟೆ. ನನಗಿಂತ ಮೂರು ವರ್ಷ ದೊಡ್ಡವನು. ಅವನು ಚೌಕ ಎಳೆಯುತ್ತಿರಲಿಲ್ಲ. ಮೂಗಿಗೆ ಒಂದೇ ಎಳೆತ, ಕಿವಿಗೆ ಒಂದು ತಿರುವು. ನಾನು ರೇಗಿಸುತ್ತಿದ್ದೆ: "ಇದು ಟಾಕೀಸಲ್ಲ ಕಣ್ಲಾ, ದೇವ್ರ ಮನೆ ಪಕ್ಕದಾಗೆ ನೇತಾಕ್ತಾರೆ."

"ಅದ್ಕೇನ್ ಪಾ, ಎರಡು ಎಜ್ಜೆ ಇಂದಕ್ಕೆ ಓಗಿ ನೋಡ್ಲಿ" ಎನ್ನುತ್ತಿದ್ದ. ಮಧ್ಯಾಹ್ನ ನನ್ನ ಮುದ್ದೆ ಅವನಿಗೆ, ಅವನ ಪುಳಿಸಾದ, ಅಂದರೆ ಹುಳಿಯನ್ನ, ನನಗೆ. ಹಾಗೆ ಇದ್ದವರು ನಾವು.

ಗಣಿ ಮುಚ್ಚಿದ ಮರುವರ್ಷ ಒಂದು ಲೈನಿನವರು, ಅಂದರೆ ಕಾರ್ಮಿಕರ ಸಾಲುಮನೆಯವರು, ಬಂದರು. ಒಂದೇ ಪಾಳಿಯಲ್ಲಿ ಭೂಮಿಗಿಳಿಯುತ್ತಿದ್ದ ಒಂಬತ್ತು ಜನರನ್ನು ಒಂದೇ ಚಿತ್ರದಲ್ಲಿ ಬರೆಯಿಸಿ ತಮ್ಮ ಓದುವ ಕೋಣೆಯಲ್ಲಿ ತೂಗುಹಾಕಬೇಕು ಎಂದರು. ಒಂಬತ್ತೂ ಜನ ಬದುಕಿದ್ದರು. ಬದುಕಿದ್ದವರು ನನ್ನ ಬಾಬತ್ತಲ್ಲ. ಸೆಲ್ವರಾಜನಿಗೆ ವಹಿಸಿದೆ. ಅವನು ದಿನಕ್ಕಿಬ್ಬರನ್ನು ಅಂಗಡಿಯ ಜಗಲಿಯಲ್ಲಿ ಕೂರಿಸಿ, ಅವರ ಜೊತೆ ತಮಿಳಿನಲ್ಲಿ ಹರಟುತ್ತ, ಬೀಡಿ ಹಂಚಿಕೊಳ್ಳುತ್ತ ಬರೆದ. ಕೊನೆಯ ದಿನ ಎಲ್ಲ ಮುಖ, ಕೈಗಳ ಮೇಲೂ ಮತ್ತೊಮ್ಮೆ ದಪ್ಪ ಬಣ್ಣ ಓಡಿಸಿ, ಊಟ ಮಾಡಿ ಬರುತ್ತೇನೆಂದು ಮನೆಗೆ ಹೋದ. ಲೈನಿನವರು ಸಂಜೆ ಐದಕ್ಕೆ ಬರುವವರಿದ್ದರು.

ನಾನು ಚಿತ್ರದ ಮುಂದೆ ಒಂದಡಿ ದೂರದಲ್ಲಿ ನಿಂತೆ. ಕೆನ್ನೆಯ ಮೇಲೆ ಹಸಿರು, ಹಣೆಯ ಮೇಲೆ ಇಟ್ಟಿಗೆಯ ಬಣ್ಣ. ಬೆರಳುಗಳಿರಬೇಕಾದಲ್ಲಿ ನಾಲ್ಕು ಗೀಟು. ಇದನ್ನು ನೋಡಿದರೆ ಗಿರಾಕಿ ಮುಖಕ್ಕೆ ಉಗಿಯುತ್ತಾನೆ ಅನ್ನಿಸಿತು. ಒಣ ಬ್ರಷ್ ತೆಗೆದುಕೊಂಡೆ. ಬಣ್ಣ ಇನ್ನೂ ಹಸಿಯಾಗಿತ್ತು. ಒಂದೂವರೆ ಗಂಟೆಯಲ್ಲಿ ಒಂಬತ್ತು ಮುಖ, ಹದಿನೆಂಟು ಕೈ ನುಣ್ಣಗಾದವು.

ಸೆಲ್ವರಾಜ್ ಬಂದು ಬಾಗಿಲಲ್ಲಿ ನಿಂತ. ಚಿತ್ರವನ್ನು ನೋಡಿದ. ತನ್ನ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಾಗದದಲ್ಲಿ ಸುತ್ತಿಕೊಂಡು ಹೊರಟುಹೋದ. ಐದಕ್ಕೆ ಬಂದ ಲೈನಿನವರು, "ಅಚ್ಚು ಫೋಟೋ ತರಾನೇ ಇದೆ ಸಾಮಿ" ಎಂದು ಕೊಂಡಾಡಿದರು. ಮಾರನೆಯ ದಿನ ಸೆಲ್ವರಾಜ್ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಕೋಪ ಬಂದರೆ ಬರಲಿ, ಅಂಗಡಿ ನನ್ನದು, ಗಿರಾಕಿ ನನ್ನವನು ಎಂದುಕೊಂಡು ನಾನೂ ಸುಮ್ಮನಾದೆ. ಅವನ ಮನೆ ಇರುವ ಕೋರಮಂಡಲ್ ನನ್ನ ಅಂಗಡಿಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಇಪ್ಪತ್ತೆರಡು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಹಾರ್ಲೆಮ್, ಮೊದಲ ವಾರ

ಹಾರ್ಲೆಮ್ ಎಂಬ ಊರಲ್ಲಿ ನನ್ನ ಅಣ್ಣನ ಮಗಳು ಸುಗುಣ ವೃದ್ಧಾಶ್ರಮದಲ್ಲಿ ನರ್ಸ್. ಟಿಕೆಟ್ ಕಳಿಸಿದವಳು ಅವಳೇ. "ಚಿಕ್ಕಪ್ಪ, ಒಂದ್ ತಿಂಗ್ಳು ಬಂದಿರು. ಅಲ್ಲಿ ಒಬ್ನೇ ಇದ್ರೆ ಮೂರೊತ್ತೂ ಬನ್ನು ಟೀನಲ್ಲೇ ಕಾಲ ಕಳೀತೀಯ" ಎಂದು ಫೋನಿನಲ್ಲಿ ಗದರಿದ್ದಳು. ಇಲ್ಲಿಗೆ ಬಂದ ಮೇಲೆ ಅವಳು ಬೆಳಿಗ್ಗೆ ಆರೂವರೆಗೆ ಸೈಕಲ್ಲಿನಲ್ಲಿ ಹೊರಟರೆ ವಾಪಸ್ಸಾಗುವುದು ಸಂಜೆಗೆ. ಅಷ್ಟು ಹೊತ್ತೂ ನಾನು, ಗೋಡೆ, ಬನ್ನಿನ ಬದಲು ಬ್ರೆಡ್ಡು.

ಈ ಊರಿನ ಕಿಟಕಿಗಳಿಗೆ ಪರದೆಯಿಲ್ಲ. ಬೀದಿಯಲ್ಲಿ ನಡೆದರೆ ಮನೆಯೊಳಗಿನ ಸೋಫಾ, ಹೂಕುಂಡ, ಪುಸ್ತಕ ಓದುವ ಮುದುಕಿ, ತಟ್ಟೆಯಲ್ಲಿನ ಆಲೂಗಡ್ಡೆ ಎಲ್ಲ ಕಾಣುತ್ತವೆ. ಆದರೆ ಯಾರೂ ಒಳಗೆ ನೋಡುವುದಿಲ್ಲ. ನೋಡುತ್ತಿದ್ದವನು ನಾನೊಬ್ಬನೇ. ನಮ್ಮ ಲೈನುಗಳಲ್ಲಿ ಬಾಗಿಲು ಸ್ವಲ್ಪ ತೆರೆದಿದ್ದರೆ ಸಾಕು, "ಏನಕ್ಕಾ ಇವತ್ತು ಸಾರು?" ಎಂದು ತಲೆ ಒಳಗೆ ಬರುತ್ತದೆ. ಇಲ್ಲಿ ಇಡೀ ಗೋಡೆಯೇ ಗಾಜು, ಆದರೂ ಸಾರು ಏನೆಂದು ಕೇಳುವವರಿಲ್ಲ. ಒಂದು ಸಂಜೆ ಒಬ್ಬ ಮುದುಕನನ್ನು ನೋಡುತ್ತ ಎಷ್ಟೋ ಹೊತ್ತು ನಿಂತೆ. ಅವನು ಒಬ್ಬನೇ ಕೂತು ಇಸ್ಪೀಟು ಜೋಡಿಸುತ್ತಿದ್ದ. ಎದುರಿನ ಕುರ್ಚಿ ಖಾಲಿಯಾಗಿತ್ತು.

ಮೂರನೆಯ ದಿನ ಕಸ ಹಾಕಲು ಲುಂಗಿ, ಮಂಕಿ ಟೋಪಿಯಲ್ಲಿ ಹೊರಬಂದೆ. ಬಾಗಿಲು ತಾನೇ ಮುಚ್ಚಿಕೊಂಡು ತಾನೇ ಬೀಗ ಹಾಕಿಕೊಂಡಿತು. ಇಂಥ ಬಾಗಿಲು ನಾನು ಕಂಡದ್ದೇ ಅಲ್ಲಿ. ಮೆಟ್ಟಿಲ ಮೇಲೆ ಕುಳಿತೆ. ಹೋಗಿಬರುವವರು ನಗುಮುಖದಿಂದ ಗುಡ್ ಮಾರ್ನಿಂಗ್ ಹೇಳಿ ಹೋದರು. ಯಾಕಪ್ಪಾ ಇಲ್ಲಿ ಕೂತಿದ್ದೀಯ ಎಂದು ಒಬ್ಬರೂ ಕೇಳಲಿಲ್ಲ. ಪಾರ್ಸೆಲ್ ತರುವವನೊಬ್ಬ ಬಂದು ಪಕ್ಕದ ಮನೆಗಳ ಗಂಟೆ ಒತ್ತಿ, ಯಾರೂ ಇಲ್ಲವೆಂದು ಎರಡು ಡಬ್ಬ ನನ್ನ ಮಡಿಲಿಗಿಟ್ಟು, ಯಂತ್ರದ ಮೇಲೆ ಬೆರಳಿನಿಂದ ಸಹಿ ಹಾಕಿಸಿಕೊಂಡು ನಡೆದೇಬಿಟ್ಟ. ಅಲ್ಲಿ ಅದು ಪದ್ಧತಿಯಂತೆ, ನೆರೆಯವರ ಪಾರ್ಸೆಲ್ ನೆರೆಯವರಿಗೆ ಕೊಡುವುದು. ಸಂಜೆ ಸುಗುಣ ಬರುವವರೆಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ, ಬಂದ ಮೇಲೆ ನನಗೊಂದು ಕೆಲಸವೆಂದು ಸಿಕ್ಕಿದ್ದು ಆ ಎರಡು ಡಬ್ಬ ಕಾಯುವುದೇ.

ಭಾನುವಾರ, ಯಾರದೋ ಹುಟ್ಟುಹಬ್ಬ

ಸುಗುಣಳ ಜೊತೆ ಕೆಲಸ ಮಾಡುವವಳೊಬ್ಬಳ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು, ಪಂಚಾಯ್ತಿಗೆ ಕೂತಂತೆ. ಬಂದವರೆಲ್ಲ ಹುಟ್ಟುಹಬ್ಬದವಳ ಕೈ ಕುಲುಕಿ, ಆಮೇಲೆ ಸುತ್ತ ಕೂತ ಎಲ್ಲರ ಕೈಯನ್ನೂ ಕುಲುಕಿ ಅಭಿನಂದಿಸಿದರು. ನನ್ನ ಕೈಯನ್ನೂ! ಎಂದೂ ಕಾಣದ ಹೆಂಗಸೊಬ್ಬಳು ಹುಟ್ಟಿದ್ದಕ್ಕೆ ಹದಿನಾರು ಜನ ನನಗೆ ಶುಭಾಶಯ ಹೇಳಿದರು. ರತ್ನಮ್ಮ ಹೋದಾಗ ಇಷ್ಟು ಜನ ನನ್ನ ಕೈ ಹಿಡಿದಿರಲಿಲ್ಲ.

ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬ ಬಂತು. ತಲೆಗೊಂದರಂತೆ ತೆಗೆದುಕೊಂಡದ್ದೇ ಮುಚ್ಚಳ ಟಪ್ಪೆಂದಿತು. ಎರಡನೆಯದಕ್ಕೆ ಚಾಚಿದ್ದ ನನ್ನ ಕೈ ಗಾಳಿಯಲ್ಲಿ ಉಳಿಯಿತು. ನಮ್ಮಲ್ಲಾಗಿದ್ದರೆ, ಬೇಡ ಬೇಡ ಎಂದರೂ ತಟ್ಟೆಗೆ ಸುರಿದು, "ತಿನ್ನು, ನಾಚ್ಕೋಬೇಡ" ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಒಬ್ಬ ಯಜಮಾನ ನನ್ನ ಕೆಲಸ ಏನೆಂದು ಕೇಳಿದ. ನನ್ನ ಮುರುಕು ಇಂಗ್ಲಿಷಿನಲ್ಲಿ, ಸತ್ತವರನ್ನು ಬರೆಯುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಈ ಊರಿನ ಮ್ಯೂಸಿಯಂಗೆ ಹೋಗು, ಅಲ್ಲಿ ಎಲ್ಲರೂ ಸತ್ತವರೇ ಎಂದ. ತಮಾಷೆಯೋ ನಿಜವೋ ಅವನ ಮುಖ ನೋಡಿ ತಿಳಿಯಲಿಲ್ಲ.

ಬುಧವಾರ

ಮ್ಯೂಸಿಯಂನ ಮೊದಲ ಕೋಣೆಗಳಲ್ಲಿ ನನಗೆ ಬಹಳ ಸಂತೋಷವಾಯಿತು. ಹಳೆಯ ಕಾಲದ ಶ್ರೀಮಂತರು, ಕೊರಳ ಸುತ್ತ ಹೆಣೆದ ಬಿಳಿ ಪಟ್ಟಿ, ಒಂದೊಂದು ನೂಲೂ ಎಣಿಸುವ ಹಾಗೆ ಆ ಕಾಲದ ಚಿತ್ರಗಾರರು ಬರೆದಿದ್ದರು. ಇವರೂ ನಮ್ಮ ಪೈಕಿಯೇ, ಒಣ ಬ್ರಷ್ ಬಲ್ಲವರು ಎಂದು ಬೀಗಿದೆ.

ಆಮೇಲೆ ಒಂದು ಕೋಣೆಯಲ್ಲಿ ಆ ಐದು ಹೆಂಗಸರು ಎದುರಾದರು. ಬರೆದ ಮುದುಕನ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ, ಬಿಡಿ. ಆ ಊರಿನ ಬಡ ಮುದುಕರಿಗೆಂದು ಇದ್ದ ಒಂದು ಆಶ್ರಮವನ್ನು ನಡೆಸುತ್ತಿದ್ದ ಹೆಂಗಸರಂತೆ. ನಾಲ್ವರು ಯಜಮಾನಿಯರು, ಚೀಟಿ ಹಿಡಿದು ಬಂದ ಕೆಲಸದವಳು ಒಬ್ಬಳು. ಎಲ್ಲರದೂ ಕಪ್ಪು ಬಟ್ಟೆ, ಬಿಳಿ ಕೊರಳಪಟ್ಟಿ. ನನ್ನ ಅಭ್ಯಾಸದಂತೆ ನೇರವಾಗಿ ಮೂಗು ತಾಗುವಷ್ಟು ಹತ್ತಿರ ಹೋದೆ. ಗಾಬರಿಯಾಯಿತು. ಮಡಿಲ ಮೇಲಿನ ಕೈ ಎಂದರೆ ಐದಾರು ಎಳೆತ, ಒಂದರ ಮೇಲೊಂದು ಬಿದ್ದಿವೆ, ಒಂದಕ್ಕೊಂದು ಬೆರೆತಿಲ್ಲ. ಬೂದಿ ಬಣ್ಣ, ಮಾಂಸದ ಬಣ್ಣ, ಕಪ್ಪಿನ ಒಂದು ಗೀಟು. ಕೊರಳಪಟ್ಟಿ ಎಂದರೆ ಸುಣ್ಣ ಬಳಿಯುವವನು ಕೈ ಒರೆಸಿದಂತಿದೆ. ಇದು ಮುಗಿದಿಲ್ಲ, ಮುದುಕ ಅರ್ಧಕ್ಕೇ ಕಣ್ಣುಮುಚ್ಚಿರಬೇಕು ಎಂದುಕೊಂಡೆ. ಯಾರಾದರೂ ಒಂದು ಸಲ ಒಣ ಬ್ರಷ್ ಆಡಿಸಬಾರದಿತ್ತೇ ಎಂದೂ ಅನ್ನಿಸಿತು. ದೇವರಾಣೆಗೂ ಅನ್ನಿಸಿತು, ಮುಚ್ಚಿಡುವುದಿಲ್ಲ. ಎಣ್ಣೆಯ ವಾಸನೆ ಇನ್ನೂ ಇದೆಯೇ ಎಂದು ಮೂಸಿದೆ.

ಕುಂಯ್ ಎಂದು ಗಂಟೆ ಹೊಡೆದುಕೊಂಡಿತು. ಕೋಣೆಯ ಜನರೆಲ್ಲ ನನ್ನತ್ತ ತಿರುಗಿದರು. ಬಾಗಿಲ ಬಳಿ ಕೂತಿದ್ದ ಕಾವಲುಗಾರ, ತೆಂಗಿನ ಮರದಷ್ಟು ಎತ್ತರದವನು, ನಿಧಾನವಾಗಿ ಎದ್ದು ಬಂದ. ಹೊರಗೆ ಹಾಕುತ್ತಾನೆ ಎಂದು ಕೈಮುಗಿದೆ. ಅವನು ಬೈಯಲಿಲ್ಲ. ಎರಡು ಬೆರಳಲ್ಲಿ ಹಿಂದೆ ಹೋಗು ಎಂದು ಸನ್ನೆ ಮಾಡಿದ. ಹೋದೆ. ಇನ್ನೂ ಎಂದ. ಹೋದೆ. ಏಳನೆಯ ಹೆಜ್ಜೆಗೆ ಕೈ ಎತ್ತಿ ನಿಲ್ಲಿಸಿ, ಚಿತ್ರದ ಕಡೆಗೆ ಗದ್ದ ತೋರಿಸಿದ.

ಆ ಗೀಟುಗಳು ಕೈಯಾಗಿದ್ದವು. ಸುಮ್ಮನೆ ಕೈಯಲ್ಲ. ಬೆಳಗಿನಿಂದ ಕೆಲಸ ಮಾಡಿ, ಈಗ ತಾನೇ ಮಡಿಲಿಗೆ ಬಿದ್ದು, ಬೆರಳ ಸಂದಿನಲ್ಲಿ ನೋವಿರುವ ಮುದುಕಿಯ ಕೈ. ಮುಂದೆ ಹೋದೆ, ಬಣ್ಣವಾಯಿತು. ಹಿಂದೆ ಬಂದೆ, ಕೈಯಾಯಿತು. ಮತ್ತೆ ಮುಂದೆ, ಮತ್ತೆ ಹಿಂದೆ. ದೂರದ ಬೆಟ್ಟ ನುಣ್ಣಗೆ ಎಂದು ಕೇಳಿ ಬೆಳೆದವನು ನಾನು. ಇಲ್ಲಿ ದೂರ ಹೋದಷ್ಟೂ ಸುಕ್ಕು ಕಾಣುತ್ತಿತ್ತು, ಉಸಿರು ಕಾಣುತ್ತಿತ್ತು. ನಿಂತವಳೊಬ್ಬಳ ನೋಟವಂತೂ, ನಮ್ಮೂರ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿ ತಂದವರನ್ನು ಹಾಲು ಅಳೆಯುವ ಮುನಿಯಮ್ಮ ನೋಡುವ ನೋಟ. ಬೈಯುವುದಿಲ್ಲ, ನಂಬುವುದೂ ಇಲ್ಲ. ಆ ನೋಟ ಕಣ್ಣಿನಲ್ಲಿತ್ತೇ ಎಂದು ಹುಡುಕಿದರೆ, ರೆಪ್ಪೆಯ ಕೆಳಗೆ ತೋಯ್ದ ಕುಂಚದ ಒಂದೇ ಒಂದು ಒತ್ತು.

ಸೆಲ್ವರಾಜ್ ಊಟಕ್ಕೆ ಹೋದಾಗ ನಾನು ಎರಡು ಹೆಜ್ಜೆ ಹಿಂದೆ ಹೋಗಿರಲಿಲ್ಲ. ನನ್ನ ಅಂಗಡಿಯ ಒಳಗೆ ಏಳು ಹೆಜ್ಜೆಯ ಜಾಗವೇ ಇರಲಿಲ್ಲ ಎಂದು ನೆಪ ಹೇಳಬಹುದು. ಬೀದಿ ಇತ್ತಲ್ಲ. ಬೀದಿಗಿಳಿದು ನೋಡಬಹುದಿತ್ತು.

ಗುರುವಾರ, ಶುಕ್ರವಾರ, ಶನಿವಾರ

ಮರುದಿನವೂ ಹೋದೆ, ಅದರ ಮರುದಿನವೂ. ಆ ಎತ್ತರದ ಕಾವಲುಗಾರ ನನ್ನನ್ನು ಕಂಡದ್ದೇ ಮಡಚುವ ಸ್ಟೂಲೊಂದನ್ನು ತಂದು ಏಳನೆಯ ಹೆಜ್ಜೆಯ ಜಾಗಕ್ಕೆ ಇಡತೊಡಗಿದ. ಅವನಿಗೆ ನನ್ನ ಇಂಗ್ಲಿಷ್ ಸಾಲದು, ನನಗೆ ಅವನದು ಹೆಚ್ಚಾಯಿತು. ಆ ಊರಿನಲ್ಲಿ ನಾನು ಮಾತಿಲ್ಲದೆಯೂ ಒಂಟಿಯಲ್ಲ ಎನ್ನಿಸಿದ್ದು ಆ ಸ್ಟೂಲಿನ ಮೇಲೆ ಮಾತ್ರ.

ಕಪ್ಪು ಎಂದು ನಾನು ತಿಳಿದದ್ದು ಒಂದೇ ಕಪ್ಪಲ್ಲ. ಕಂದು ಕಪ್ಪು, ನೀಲಿ ಕಪ್ಪು, ಹಳೆಯ ಕೊಡೆಯ ಕಪ್ಪು. ಮುದುಕ ಎಲ್ಲಿಯೂ ಎರಡನೆಯ ಸಲ ಕೈ ಇಟ್ಟು ತಿದ್ದಿದಂತೆ ಕಾಣಲಿಲ್ಲ. ಮಾತು ಆಡಿದಂತೆ ಬಣ್ಣ ಇಟ್ಟಿದ್ದ. ಆಡಿದ ಮಾತನ್ನು ತಿಕ್ಕಿ ನುಣುಪು ಮಾಡುತ್ತಾ ಕೂತರೆ ಎದುರಿಗಿದ್ದವನು ಎದ್ದುಹೋಗುತ್ತಾನೆ. ಮುಖ್ಯವಾಗಿ ಅವನು ಯಾರನ್ನೂ ಚಂದ ಮಾಡಿರಲಿಲ್ಲ. ಬಡವರ ಆಶ್ರಮ ನಡೆಸಿ ದಣಿದ ಹೆಂಗಸರಿಗೆ ಒಂದೆಳೆ ಸರವನ್ನೂ ಹೊಸದಾಗಿ ತೊಡಿಸಿರಲಿಲ್ಲ. ದಣಿವನ್ನೇ ಮರ್ಯಾದೆಯಂತೆ ಕೂರಿಸಿದ್ದ. ನಾನು ಬರೆದ ನೂರಾರು ಕೋಟುಗಳು ನೆನಪಾದವು. ಮನೆಯವರು ಬಯಸಿದ್ದು ಅದನ್ನೇ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸತ್ತವರಿಗೆ ಕೋಟು ಹಾಕಿದ್ದು ಪ್ರೀತಿಯಿಂದಲೇ. ಆದರೆ ಆ ಒಂಬತ್ತು ಜನ ಬದುಕಿದ್ದರು. ಎದುರಿಗೆ ಕೂತು ಬೀಡಿ ಸೇದಿದ್ದರು. ಅವರನ್ನು ಬದುಕಿದ್ದ ಹಾಗೆ ಹಿಡಿದವನೊಬ್ಬ ನನ್ನ ಅಂಗಡಿಯಲ್ಲೇ ಇದ್ದ, ನಾನು ಬದುಕಿದ್ದವರನ್ನೂ ಸತ್ತವರ ಸಾಲಿಗೆ ಸೇರಿಸಿಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ.

ಶನಿವಾರ ಅಳು ಬಂತು. ತಡೆಯಲು ಟೋಪಿಯನ್ನು ಬಾಯಿಗೆ ಒತ್ತಿಕೊಂಡೆ. ಜನ ಬರುತ್ತಿದ್ದರು. ಕಾವಲುಗಾರ ಎದ್ದು ಬಂದು, ನನ್ನನ್ನು ನೋಡದೆ, ಅವರಿಗೂ ನನಗೂ ನಡುವೆ ಬೆನ್ನು ತಿರುಗಿಸಿ ನಿಂತ. ಅಷ್ಟಗಲದ ಬೆನ್ನು. ನಾನು ಮೂಗೊರೆಸಿಕೊಳ್ಳುವ ತನಕ ಅಲ್ಲಿಯೇ ಇದ್ದ.

ಹೊರಡುವಾಗ ಮ್ಯೂಸಿಯಂನ ಅಂಗಡಿಯಲ್ಲಿ ಆ ಚಿತ್ರದ ಪೋಸ್ಟ್ ಕಾರ್ಡ್ ಕಂಡಿತು. ಸೆಲ್ವರಾಜನಿಗೆ ತೋರಿಸೋಣವೆಂದು ಕೈಗೆತ್ತಿಕೊಂಡೆ. ಅಂಗೈಯಗಲದ ಕಾರ್ಡಿನಲ್ಲಿ ಕುಂಚದ ಗುರುತೊಂದೂ ಇಲ್ಲ, ಎಲ್ಲ ನುಣ್ಣಗೆ. ವಾಪಸ್ ಇಟ್ಟೆ.

ಸಂಜೆ ಸುಗುಣಳಿಗೆ ಎಲ್ಲ ಹೇಳಿದೆ. ಅವಳು ಅನ್ನಕ್ಕೆ ನೀರಿಡುತ್ತ, "ಅದಕ್ಕೇನ್ ಚಿಕ್ಕಪ್ಪ, ಈಗ್ಲೇ ಫೋನ್ ಮಾಡು. ತಪ್ಪಾಯ್ತು ಅನ್ನು, ಮುಗೀತು" ಎಂದಳು.

"ನಂಬರಿಲ್ಲ."

"ಇಪ್ಪತ್ತೆರಡು ವರ್ಷ ಒಂದೇ ಊರಾಗಿದ್ಕಂಡು ನಂಬರಿಲ್ವಾ?" ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ನಮ್ ಆಶ್ರಮದಾಗೆ ದಿನಾ ನೋಡ್ತೀನಿ ಚಿಕ್ಕಪ್ಪ. ಆಮೇಲ್ ಏಳೋಣ ಅಂದ್ಕಂಡಿರೋ ಮಾತು ಇಟ್ಕಂಡೇ ಓಗ್ಬಿಡ್ತಾರೆ. ಕೇಳೋಕೆ ಅಲ್ಲಿ ನಾನ್ ಒಬ್ಳೇ ಇರ್ತೀನಿ, ನಂಗ್ ಅವ್ರ ಭಾಷೆ ಅರ್ಧಂಬರ್ಧ."

ಆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಕೋರಮಂಡಲ್

ವಾಪಸು ಬಂದ ನಾಲ್ಕನೆಯ ದಿನ ಬಸ್ಸು ಹತ್ತಿದೆ. ಆದರೆ ಧೈರ್ಯ ಸಾಲದೆ ಮೊದಲು ಇಳಿದದ್ದು ಆ ಲೈನಿನ ಓದುವ ಕೋಣೆಯ ಹತ್ತಿರ. ಚಿತ್ರ ಗೋಡೆಯ ಮೇಲೆ ಇತ್ತು. ಏಳು ಹೆಜ್ಜೆ ಹಿಂದೆ ಹೋದೆ, ಬಾಗಿಲು ದಾಟಿ ಹೊರಗೂ ಹೋದೆ. ಹತ್ತಿರದಿಂದಲೂ ನುಣುಪು, ದೂರದಿಂದಲೂ ನುಣುಪು. ಒಂದೇ ತಾಯಿಯ ಮಕ್ಕಳಂತೆ ಒಂಬತ್ತು ಮುಖ. ಪೇಪರ್ ಓದುತ್ತಿದ್ದ ನಡುವಯಸ್ಸಿನವನೊಬ್ಬ ತಲೆಯೆತ್ತಿ, "ನಮ್ಮಪ್ಪಾನೂ ಅದ್ರಾಗವ್ರೆ ಸಾರ್" ಎಂದ.

"ಯಾರು?"

ಅವನು ಎದ್ದು ಬಂದು ಬೆರಳಿನಿಂದ ಎಣಿಸಿದ. "ಒಂದು, ಎರಡು, ಇದು. ಎಡಗಡೆಯಿಂದ ಮೂರ್ನೇದು. ನಮ್ಮಮ್ಮ ಎಣಿಸಿ ಏಳ್ಕೊಟ್ಟಿದ್ರು. ಇಲ್ಲಾಂದ್ರೆ ಗೊತ್ತಾಗಕಿಲ್ಲ."

ನಾನು ಅಲ್ಲಿ ಮತ್ತೆ ನಿಲ್ಲಲಾರದೆ ಹೊರಟೆ.

ಸೆಲ್ವರಾಜ್ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ರೋಲರ್ ತೊಳೆಯುತ್ತಿದ್ದ. ನನ್ನನ್ನು ಕಂಡು ಎದ್ದ. ಒಳಗಿನಿಂದ ಅವನ ಹೆಂಡತಿ ತಮಿಳಿನಲ್ಲಿ ಯಾರು ಬಂದದ್ದು ಎಂದು ಕೇಳಿದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ನೇರ ಹೇಳಿದೆ: "ಸೆಲ್ವಾ, ಆ ಒಂಬತ್ತು ಜನರ ಚಿತ್ರ ಕೆಡಿಸ್ದೋನು ನಾನು. ನೀನು ಬರ್ದಿದ್ದೇ ಸರಿಯಾಗಿತ್ತು. ಅದನ್ನ ಏಳೋಕೇ ಬಂದೆ."

ಅವನು ಕಲ್ಲಿನ ಮೇಲೆ ಮತ್ತೆ ಕೂತ. ನಾನೂ ನೆಲದ ಮೇಲೆ ಕೂತೆ. ಆ ಐದು ಹೆಂಗಸರ ಕಥೆಯನ್ನೆಲ್ಲ ಹೇಳಿದೆ. ಮೂಸಿದ್ದು, ಗಂಟೆ ಹೊಡೆದದ್ದು, ಏಳು ಹೆಜ್ಜೆ, ಮಡಿಲ ಮೇಲಿನ ಕೈ. ಅವನು ನಡುನಡುವೆ ತಡೆದು ಕೇಳಿದ: ಕುಂಚ ಎಷ್ಟಗಲ? ಬಣ್ಣ ತೆಳುವೋ ದಪ್ಪವೋ? ಬಿಳಿ ಕಡೆಗೆ ಇಟ್ಟಿದ್ದಾನೋ ಮೊದಲೋ? ನಾನು ನೆಲದ ಧೂಳಿನಲ್ಲಿ ಬೆರಳಿನಿಂದ ಗೀಟೆಳೆದು ತೋರಿಸಿದೆ. ಅವನು ಬಗ್ಗಿ ನೋಡಿದ, ಕತ್ತು ಓರೆ ಮಾಡಿ.

"ನಿಂಗೆ ಅಷ್ಟು ಕೋಪ ಬಂದಿತ್ತಲ್ಲ, ಅವತ್ತೇ ನನ್ ಕೆನ್ನೆಗೆ ಒಡೆದಿದ್ರೆ ಆಗ್ತಿತ್ತು ಕಣ್ಲಾ" ಎಂದೆ.

"ಕೋಪಾನಾ?" ಅವನು ನಿಜವಾಗಿ ಆಶ್ಚರ್ಯಪಟ್ಟ. "ನಂಗೆ ಯಾಕ್ ಪಾ ಕೋಪ? ನಾನು ಬಂದು ಬಾಗ್ಲಾಗೆ ನಿಂತ್ಕಂಡೆ. ನೀನು ಮಾಡಿದ್ದು ನೋಡ್ದೆ. ಚೆನ್ನಾಗೈತೆ ಅನ್ಸ್ತು. ನೀನು ದೊಡ್ ಆರ್ಟಿಸ್ಟು, ಎಲ್ಲಾರೂ ನಿನ್ನೇ ಉಡಿಕ್ಕಂಡ್ ಬರೋರು. ನನ್ ಕೈ ಕೆಟ್ಟೋಗೈತೆ, ಬ್ಯಾನರ್ ಬರ್ದು ಬರ್ದು ಕೆಟ್ಟೋಗೈತೆ, ಇವ್ನು ಬಾಯ್ಬಿಟ್ಟು ಏಳ್ದೆ ಸರಿ ಮಾಡವ್ನೆ ಅಂದ್ಕಂಡೆ. ವೆಕ್ಕಮಾಯ್ತು, ನಾಚ್ಕೆ. ಅದ್ಕೇ ಬರ್ಲಿಲ್ಲ. ಆಮೇಲೆ ಮುಖ ಅಂತ ಒಂದೂ ಬರೀಲಿಲ್ಲ ನಾನು. ಗೋಡೆ ಬಳ್ದೆ. ಗೋಡೆಗೆ ಮೂಗಿಲ್ಲ, ಬಾಯಿಲ್ಲ, ಅದ್ ಕೆಡಾಕಿಲ್ಲ."

ಇಪ್ಪತ್ತೆರಡು ವರ್ಷ ಅವನು ನನ್ನನ್ನು ದ್ವೇಷಿಸುತ್ತಾನೆ ಎಂದು ತಿಳಿದು ಬಿಗಿದುಕೊಂಡಿದ್ದೆ. ಅವನು ನನ್ನನ್ನು ನಂಬಿದ್ದ. ಸ್ಟೇಷನ್ನಿನಲ್ಲಿ ತಿರುಗಿ ನಿಂತದ್ದೂ ನಾಚಿಕೆಯಿಂದ. ಚಿತ್ರ ಕೆಡಿಸಿದ್ದಾದರೂ ಒಂದೂವರೆ ಗಂಟೆಯ ಕೆಲಸ. ಅವನ ಕೈಯನ್ನು ಕೆಡಿಸಿದ್ದು ಇಷ್ಟೂ ವರ್ಷ, ಒಂದೊಂದು ದಿನವೂ. ಬೈದಿದ್ದರೆ ಆ ಬೈಗುಳ ಹೊತ್ತುಕೊಂಡು ಮನೆಗೆ ಹೋಗಬಹುದಿತ್ತು. ಇದನ್ನು ಹೊರಲು ನನಗೆ ಶಕ್ತಿಯಿರಲಿಲ್ಲ. ಅವನ ಕೈ ಹಿಡಿಯಲು ಹೋದೆ. ಸುಣ್ಣದಿಂದ ಉಗುರ ಸಂದೆಲ್ಲ ಸೀಳಿತ್ತು. ಹಿಡಿಯಲು ಬಿಡದೆ ಅದನ್ನು ಹಿಂದಕ್ಕೆ ಎಳೆದುಕೊಂಡ.

ರೋಲರನ್ನು ಎತ್ತಿಕೊಂಡು ಮತ್ತೆ ತೊಳೆಯತೊಡಗಿದ. ಆಮೇಲೆ ಅವನೇ ಕೇಳಿದ: "ಆ ಮುದ್ಕ, ಅದನ್ನ ಬರೆಯೋವಾಗ ಅವ್ನಿಗೆ ವಯಸ್ಸೆಷ್ಟಿತ್ತಂತೆ?"

"ಎಂಬತ್ತು ದಾಟಿತ್ತಂತೆ."

ಸೆಲ್ವರಾಜ್ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. "ನಂಗೆ ಅರವತ್ತೇಳು" ಎಂದ. ಎದ್ದು ಒಳಗೆ ಹೋದ. ಹೆಂಡತಿಯ ಜೊತೆ ತಮಿಳಿನಲ್ಲಿ ಏನೋ ಚರ್ಚೆ. ಟ್ರಂಕು ಎಳೆದ ಸದ್ದಾಯಿತು. ಬರೆಯುವ ಕುಂಚಗಳೆಲ್ಲಿ ಎಂದು ಇವನು, ಮನೆ ಸೋರಿದ ವರ್ಷವೇ ಹುಳ ತಿಂದವು, ಎಸೆದೆ ಎಂದು ಅವಳು. ಬರಿಗೈಯಲ್ಲಿ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ನನ್ನತ್ರ ಇದಾವೆ" ಎಂದೆ, ಆಸೆಯಿಂದ. "ಒಳ್ಳೇವು. ನಾಳೆ ತತ್ತೀನಿ."

"ನಿನ್ ಬ್ರಷ್ಷಾ?" ಸೆಲ್ವರಾಜನ ದನಿ ಏರಿತು. ಬೀದಿಯವರೆಲ್ಲ ಕೇಳುವಂತೆ ಏರಿತು. "ಡೇಯ್, ನಿನ್ ಬ್ರಷ್ ನಂಗ್ ಬೇಡ! ಆ ಬೆಕ್ಕಿನ್ ಬಾಲಾನ ತಗಂಡೋಗಿ ನಿನ್ ಕೆನ್ನೆಗೇ ಆಡಿಸ್ಕೋ. ನಂಗ್ ಏನ್ ಬೇಕೋ ಬೆಂಗ್ಳೂರಿಗ್ ಓಗಿ ನಾನೇ ತತ್ತೀನಿ. ಓಗು, ಎದ್ದೋಗು ಇಲ್ಲಿಂದ!"

ನಾನು ಎದ್ದೆ. ಅವನು ಇನ್ನೂ ಬೈಯುತ್ತಲೇ ಇದ್ದ, ಅರ್ಧ ಕನ್ನಡ, ಅರ್ಧ ತಮಿಳು. ನನ್ನ ಚೌಕಗಳನ್ನು ಬೈದ, ನನ್ನ ಕೋಟುಗಳನ್ನು ಬೈದ, ನನ್ನ ಅಪ್ಪನನ್ನೂ ಬಿಡಲಿಲ್ಲ. ಬಸ್ ಸ್ಟಾಪಿನವರೆಗೂ ಅವನ ದನಿ ಕೇಳಿಸುತ್ತಿತ್ತು. ಬಸ್ಸು ಬಂದರೂ ನಾನು ಹತ್ತಲಿಲ್ಲ. ಅವನು ಬೈದು ಮುಗಿಸುವ ತನಕ ಅಲ್ಲೇ ನಿಂತು ಕೇಳಿಸಿಕೊಂಡೆ.